ಎಣ್ಣಿ ಹೊಡದ್ರೂ ಜಿಗಿಹುಳ ಸಾಯವಲ್ವು!

ಪ್ರಶ್ನೆ: ಕಾರಟಗಿ ಹತ್ರ ನಮ್ದು ನಾಕು ಎಕರೆ ಭತ್ತ ಐತ್ರಿ. ತೆನಿ ಬರೋ ಹೊತ್ನ್ಯಾಗ ಕಂದು ಜಿಗಿಹುಳ ಬಿದ್ದು ಅಲ್ಲಲ್ಲಿ ಗುಂಡಕ ಸುಟ್ಟಂಗ ಆಗೇತಿ. ಮೂರು ಸಲ ಎಣ್ಣಿ ಹೊಡದ್ವಿ, ಮೂರೂ ಬ್ಯಾರೆ ಬ್ಯಾರೆ ಕಂಪನಿದು. ಮೊದ್ಲೆಲ್ಲ ಒಂದೇ ಸಲಕ್ಕ ಉದುರಿ ಬೀಳ್ತಿದ್ವು. ಡೂಪ್ಲಿಕೇಟ್ ಮಾಲೇನು, ಇಲ್ಲಾ ಹುಳಕ್ಕ ರೂಢಿ ಆಗೇತೇನು?
- ಒಬ್ಬ ರೈತ

ಉತ್ತರ: ಡೂಪ್ಲಿಕೇಟ್ ಇರಂಗಿಲ್ಲ ಅಂತ ಹೇಳಾಕ ಬರಂಗಿಲ್ಲ. ಆದ್ರ ಮೊದ್ಲು ಮೂರೂ ಡಬ್ಬಿ ಸಾಲಾಗಿಟ್ಟು ದೊಡ್ಡ ಹೆಸರು ಬಿಟ್ಟು ಸಣ್ಣ ಅಕ್ಷರದಾಗ ಬರದಿರೋ ಒಳಗಿನ ಔಷಧದ ಹೆಸರು ಓದ್ರಿ. ಒಂದ್ರಾಗ ಇಮಿಡಾಕ್ಲೋಪ್ರಿಡ್, ಇನ್ನೊಂದ್ರಾಗ ಥಯಾಮೆಥೊಕ್ಸಾಮ್ ಅಂತಿದ್ರ ಹುಳದ ನರದಾಗ ಎರಡೂ ಹೊಡಿಯೋ ಜಾಗ ಒಂದೇ, ಕಂಪನಿ ಬದ್ಲಾತು ಏಟು ಬದ್ಲಾಗ್ಲಿಲ್ಲ. ಡಬ್ಬಿ ಮ್ಯಾಲಿನ ಕೆಂಪು, ಹಳದಿ ಗುರುತು ನೋಡಿ ಮೋಸ ಹೋಗಬ್ಯಾಡ್ರಿ, ಅದು ವಿಷ ಎಷ್ಟು ಜೋರೈತಿ ಅಂತಷ್ಟೇ ಹೇಳ್ತೈತಿ.

ರೂಢಿ ಅಂದ್ರಲ್ಲ, ಕುಡುಕರಿಗೆ ಆದಂಗ ಒಂದು ಹುಳಕ್ಕ ರೂಢಿ ಆಗಂಗಿಲ್ರಿ. ಸಾವಿರಾರು ಹುಳದಾಗ ಎಲ್ಲೋ ಒಂದೆರಡು ಹುಟ್ಟಾನೇ ಗಟ್ಟಿ, ಅವುಗಳ ಮೈಯಾಗಿನ ಕಿಣ್ವ ಇಮಿಡಾಕ್ಲೋಪ್ರಿಡ್‌ನ ಒಡದು ಹಾಕ್ತೈತಿ, ಎಣ್ಣಿ ಹೊಡದ ಮ್ಯಾಲ ಅವಷ್ಟೇ ಉಳದು ಒಂದೊಂದು ಹೆಣ್ಣು ನೂರಾರು ತತ್ತಿ ಇಟ್ಟು ತಿಂಗಳೊಪ್ಪತ್ತಿನಾಗ ಮರಿ ದೊಡ್ಡವಾಗಿ ಮತ್ತ ತತ್ತಿ ಇಡ್ತಾವು, ಜಿಗಿಹುಳ ತಿನ್ನಾಕ ಬರೋ ಜೇಡ, ಮಿರಿಡ್ ಅನ್ನೋ ತಿಗಣಿ ಎಲ್ಲಾ ಅದೇ ಎಣ್ಣಿಗೆ ಸತ್ತಿರ್ತಾವು. ಹೊಲ ಸಾಫ್ ಮಾಡಿ ಬೀಗರಿಗೆ ಎಲಿ ಹಾಕಿದಂಗಾತು. ಹೊಸಾದೇನಲ್ಲ ಬಿಡ್ರಿ, ಅಮೆರಿಕಾದಾಗ ಮೆಲಾಂಡರ್ ಅನ್ನೋ ಕೀಟಶಾಸ್ತ್ರಜ್ಞ ಸುಣ್ಣ-ಗಂಧಕದ ದ್ರಾವಣಕ್ಕ ಗಿಡದ ರಸ ಹೀರೋ ಶಲ್ಕ ಕೀಟ ಸಾಯವಲ್ವು ಅಂತ 1914ರಾಗನ ಬರದಾನ.

ಇನ್ನ ಬದುವು ಹುಳಕ್ಕ ಲೆಕ್ಕಕ್ಕಿಲ್ಲ. ಪೈರು ಬಲತು ಹುಳ ಗಿಜಿಗುಟ್ಟಿದ್ರ ಉದ್ದ ರೆಕ್ಕಿಯವು ಹುಟ್ಟಿ ಗಾಳಿ ಹಿಡದು ಹಾರ್ತಾವು. ತುಂಗಭದ್ರಾ ಕಾಲುವಿಗುಂಟ ಗಂಗಾವತಿಯಿಂದ ಸಿಂಧನೂರ ತನಕ ಭತ್ತಾನೇ, ನೀರಿದ್ದ ವರ್ಷ ಎರಡು ಬೆಳಿ, ಎಲ್ಲಾರೂ ಅದೇ ಎಣ್ಣಿ. ಹಂಗಾಗಿ ನೀವೊಬ್ರೇ ಬದ್ಲಿಸಿದ್ರ ಸಾಲಂಗಿಲ್ಲ, ಬಾಜೂ ಹೊಲದವ್ರನ್ನೂ ಕೂಡಿಸ್ಕೋರಿ.

ಈಗೇನು ಮಾಡೋದಂದ್ರ, ಬಗ್ಗಿ ಬುಡ ತಟ್ರಿ, ನೀರಿಗೆ ಬಿದ್ದದ್ರಾಗ ಜಿಗಿಹುಳ ಎಷ್ಟು, ಜೇಡ ಎಷ್ಟು ನೋಡ್ರಿ. ಆಮ್ಯಾಲ ನೀರು ಬಸದು, ಪೈರು ಸಾಲು ಬಿಡಿಸಿ ಗಾಳಿ ಆಡಂಗ ಮಾಡ್ರಿ, ಯೂರಿಯಾ ನಿಲ್ಲಿಸ್ರಿ. ಹೊಡಿಯೋದೇ ಆದ್ರ ಪೈಮೆಟ್ರೊಝಿನ್‌ನಂಥ, ಹುಳಕ್ಕ ಬ್ಯಾರೆ ಜಾಗದಾಗ ಹೊಡಿಯೋ ಗುಂಪಿಂದು, ಪ್ರಮಾಣ ರೈತ ಸಂಪರ್ಕ ಕೇಂದ್ರದಾಗ ಕೇಳ್ಕೊಂಡು, ನಳಿಕಿ ಬುಡಕ್ಕ ಹಿಡದು ಹೊಡೀರಿ, ಹುಳ ಇರೋದು ಅಲ್ಲೇ. ಸೈಪರ್‌ಮೆಥ್ರಿನ್ ಮಾತ್ರ ಬ್ಯಾಡ್ರಿ, ಅದ್ರಿಂದ ಜಿಗಿಹುಳ ಇನ್ನೂ ಹೆಚ್ಚಾಗ್ತಾವು.