ಸಂಪಾದಕರ ಉತ್ತರ: ಮೆಟಾಲಿಕಾದ ಹಳೆಯ ಧ್ವನಿ ಯಾವುದು?

ಜಯನಗರದ ಓದುಗರಿಗೆ ವಂದನೆಗಳು.

ಅಮೆರಿಕದ ಹೆವಿ ಮೆಟಲ್ ರಾಕ್ ತಂಡ ಮೆಟಾಲಿಕಾದ ‘72 ಸೀಸನ್ಸ್’ ಆಲ್ಬಮನ್ನು ನಮ್ಮ ವಿಮರ್ಶಕರು ಮೆಚ್ಚಿ ಬರೆದದ್ದಕ್ಕೆ ತಾವು ಆಕ್ಷೇಪಿಸಿದ್ದೀರಿ. ಕಾಲೇಜಿನ ದಿನಗಳಲ್ಲಿ ಕ್ಯಾಸೆಟ್ಟು ಸವೆಯುವಷ್ಟು ಈ ತಂಡವನ್ನು ಕೇಳಿದ, 2011ರ ಅಕ್ಟೋಬರಿನಲ್ಲಿ ಅರಮನೆ ಮೈದಾನದಲ್ಲಿ ನಿಂತು ಗಂಟಲು ಕಟ್ಟುವವರೆಗೆ ಹಾಡಿದ ತಮಗೆ ಈಗಿನ ಹಾಡುಗಳನ್ನು ಒಪ್ಪಲೂ ಆಗುತ್ತಿಲ್ಲ, ಬಿಡಲೂ ಆಗುತ್ತಿಲ್ಲ. ‘ಹಳೆಯ ಧ್ವನಿಗೆ ಮರಳಿದರೆ ಇವರಿಗೇನು ನಷ್ಟ?’ ಎಂದು ಕೇಳಿದ್ದೀರಿ; ಮತ್ತೆ ಬೆಂಗಳೂರಿಗೆ ಬಂದರೆ ಟಿಕೆಟ್ ಕೊಳ್ಳಬೇಕೇ ಎಂದೂ ಕೇಳಿದ್ದೀರಿ.

ಆ ಹಳೆಯ ಧ್ವನಿ ಯಾವುದು ಎಂಬುದೇ ನನಗೆ ಸ್ಪಷ್ಟವಾಗಲಿಲ್ಲ. 1983ರ ಮೊದಲ ಆಲ್ಬಮ್ಮಿಗೆ ವೇಗವೇ ಬಂಡವಾಳ. ತಂಡದ ಗಾಯಕ, ಗಿಟಾರ್ ವಾದಕ ಜೇಮ್ಸ್ ಹೆಟ್‌ಫೀಲ್ಡ್ ಅವರಿಗೆ ಆಗ ಇನ್ನೂ 20 ತುಂಬಿರಲಿಲ್ಲ. ಮರುವರ್ಷದ ಆಲ್ಬಮ್ಮಿನಲ್ಲಿಯೇ ಅಕೂಸ್ಟಿಕ್ ಗಿಟಾರಿನಿಂದ ಮೊದಲಾಗುವ ವಿಳಂಬಗತಿಯ ಹಾಡೊಂದು ಬಂದು, ತಂಡ ಜನಪ್ರಿಯತೆಗೆ ಸೋತಿತೆಂಬ ದೂರನ್ನೂ ಜೊತೆಯಲ್ಲಿ ತಂದಿತು. 1986ರಲ್ಲಿ ಸ್ವೀಡನ್ನಿನಲ್ಲಿ ನಡೆದ ಬಸ್ ಅಪಘಾತದಲ್ಲಿ ಬೇಸ್ ಗಿಟಾರ್ ವಾದಕ ಕ್ಲಿಫ್ ಬರ್ಟನ್ ತೀರಿಕೊಂಡರು. 1988ರ ಆಲ್ಬಮ್ಮಿನಲ್ಲಿ ಅವರ ಸ್ಥಾನಕ್ಕೆ ಬಂದ ಜೇಸನ್ ನ್ಯೂಸ್ಟೆಡ್ ಅವರ ಬೇಸ್ ಕಿವಿಗೆ ಬೀಳುವುದೇ ಕಷ್ಟ. ತಾವು ಒಂದೇ ಹೆಸರಿಟ್ಟು ಕರೆಯುವ ಈ ಐದು ವರ್ಷಗಳ ನಾಲ್ಕು ಆಲ್ಬಮ್‌ಗಳಲ್ಲಿ ಒಂದು ಇನ್ನೊಂದರಂತಿಲ್ಲ.

1991ರಲ್ಲಿ ನಿರ್ಮಾಪಕ ಬಾಬ್ ರಾಕ್ ಅವರೊಡನೆ ಹಾಡುಗಳು ಚಿಕ್ಕವಾದವು, ಗತಿ ತಗ್ಗಿತು. 1996ರಲ್ಲಿ ಶ್ರುತಿಯನ್ನೂ ಅರ್ಧ ಸ್ವರ ಇಳಿಸಿದರು, ಕೂದಲನ್ನೂ ಕತ್ತರಿಸಿಕೊಂಡರು. ಎರಡನೆಯದಕ್ಕೇ ಹೆಚ್ಚು ಬೈಗುಳ ಬಿದ್ದಂತಿದೆ. 2003ರ ಆಲ್ಬಮ್ಮಿನ ವಿಷಯದಲ್ಲಿ ಮಾತ್ರ ನಾನು ಸಂಪೂರ್ಣ ತಮ್ಮ ಪಕ್ಷ. ಗಿಟಾರ್ ಸೋಲೋಗಳನ್ನೇ, ಎಂದರೆ ಹಾಡಿನ ನಡುವೆ ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗಗಳನ್ನೇ, ಕೈಬಿಟ್ಟು, ಸ್ನೇರ್ ಡ್ರಮ್ಮಿನ ಅಡಿಯ ತಂತಿಗಳನ್ನು ಸಡಿಲಿಸಿ ಬಾರಿಸಿದ ಆ ಸದ್ದು ತಗಡಿನ ಡಬ್ಬಿಯನ್ನು ಬಡಿದಂತಿದೆ.

ತಾವು ಬಯಸಿದ ಮರಳುವಿಕೆಯೂ ಒಮ್ಮೆ ನಡೆದುಹೋಗಿದೆ ಎಂಬುದನ್ನು ತಮ್ಮ ಪತ್ರ ಮರೆತಿದೆ. 2008ರಲ್ಲಿ ರಿಕ್ ರೂಬಿನ್ ಅವರ ನಿರ್ಮಾಣದಲ್ಲಿ ಉದ್ದನೆಯ ಹಾಡುಗಳು, ಬಿರುಸಾದ ರಿಫ್‌ಗಳು (ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳು), ಸೋಲೋಗಳು ಎಲ್ಲವೂ ಹಿಂದಿರುಗಿದವು. ಆದರೆ ಧ್ವನಿಮಟ್ಟವನ್ನು ಎಷ್ಟು ಏರಿಸಿದ್ದರೆಂದರೆ ನಾದ ಒಡೆದು ಕೇಳುತ್ತಿತ್ತು. ‘ಗಿಟಾರ್ ಹೀರೋ’ ಎಂಬ ವಿಡಿಯೊ ಗೇಮಿಗೆ ಒದಗಿಸಿದ್ದ ಅದೇ ಹಾಡುಗಳ ಧ್ವನಿಮುದ್ರಣ ಹೆಚ್ಚು ಸ್ವಚ್ಛವೆಂದು ಅಭಿಮಾನಿಗಳು ಅದನ್ನು ಹುಡುಕಿಕೊಂಡು ಹೋದರು. ರಚನೆ ಹಳೆಯದಾಗಿದ್ದರೂ ಮುದ್ರಣ ಕೈಕೊಟ್ಟಿತ್ತು. ಆದ್ದರಿಂದಲೇ ‘ಬದಲಾದರು’ ಎಂಬ ದೂರು ನನಗೆ ಸಾಲದು: ಗತಿಯೋ, ಶ್ರುತಿಯೋ, ಕಂಠವೋ, ಮುದ್ರಣವೋ ಎಂದು ಬಿಡಿಸಿ ಹೇಳಿದಾಗ ಮಾತ್ರ ಅದಕ್ಕೆ ಉತ್ತರ ಕೊಡಲು ಸಾಧ್ಯ.

ಅದೇ ಅರಮನೆ ಮೈದಾನದಲ್ಲಿ 2005ರಲ್ಲಿ ಸಿ. ಅಶ್ವತ್ಥ್ ‘ಕನ್ನಡವೇ ಸತ್ಯ’ ಕಾರ್ಯಕ್ರಮವನ್ನು ನಡೆಸಿಕೊಟ್ಟರು. ಹಾರ್ಮೋನಿಯಂ, ತಬಲಾಗಳ ಜೊತೆ ಭಾವಗೀತೆ ಕೇಳಿ ಬೆಳೆದಿದ್ದ ನನ್ನ ಪರಿಚಿತರಲ್ಲಿ ಕೆಲವರಿಗೆ ಆ ದೊಡ್ಡ ವಾದ್ಯವೃಂದ ಒಗ್ಗಲಿಲ್ಲ. ಅವರಲ್ಲಿ ಯಾರೂ ಅಶ್ವತ್ಥರು ಬದಲಾದರೆಂದು ಕೊರಗಲಿಲ್ಲ. ವಾದ್ಯಗಳ ಅಬ್ಬರದಲ್ಲಿ ಕವಿಯ ಮಾತು ಮುಳುಗುತ್ತದೆ ಎಂದು ನೇರವಾಗಿ ಹೇಳಿದರು. ಒಪ್ಪಲಿ ಬಿಡಲಿ, ಅದು ವಾದಿಸಲು ಬರುವ ಆಕ್ಷೇಪ.

ಇನ್ನು ‘72 ಸೀಸನ್ಸ್’. ಬದುಕಿನ ಮೊದಲ 18 ವರ್ಷಗಳ 72 ಋತುಗಳನ್ನು ಕುರಿತ ಈ ಆಲ್ಬಮ್ 2023ರಲ್ಲಿ ಬಂದಾಗ ಹೆಟ್‌ಫೀಲ್ಡ್ ಅವರಿಗೆ 59. ‘ಕಸುಬು ಇದೆ, ಕಿಚ್ಚು ಇಲ್ಲ’ ಎಂಬ ತಮ್ಮ ತೀರ್ಪಿನಲ್ಲಿ ಎರಡನೆಯ ಭಾಗವನ್ನು ನಾನು ಒಪ್ಪುವುದಿಲ್ಲ. ಹುಡುಗನಾಗಿದ್ದಾಗ ಕೂಗಿ ಹೇಳಿದ್ದನ್ನು ಈ ವಯಸ್ಸಿನಲ್ಲಿ ತಿರುಗಿ ನೋಡಿ ವಿಚಾರಿಸುವವನ ಕಿಚ್ಚು ಬೇರೆ ಬಗೆಯದು, ಕೊನೆಯ ಹಾಡಿನ 11 ನಿಮಿಷಗಳಲ್ಲಿ ಅದು ನನಗೆ ಕೇಳಿಸಿತು. ಆದರೆ 12 ಹಾಡುಗಳಿಗೆ 77 ನಿಮಿಷ ಅತಿಯಾಯಿತು. ನಡುವಿನ ಮೂರು ಹಾಡುಗಳನ್ನು ತೆಗೆದಿದ್ದರೆ ತಮ್ಮ ಪತ್ರದ ಬಿಸಿಯೂ ಸ್ವಲ್ಪ ಕಡಿಮೆಯಾಗಿರುತ್ತಿತ್ತೋ ಏನೋ. ನಮ್ಮ ವಿಮರ್ಶಕರು ಈ ಉದ್ದದ ಬಗ್ಗೆ ಮೌನವಾಗಿದ್ದರು. ಅಭಿಪ್ರಾಯ ಅವರದು, ಅದನ್ನು ತಿದ್ದುವುದು ನನ್ನ ಕೆಲಸವಲ್ಲ.

ಟಿಕೆಟ್ಟಿನ ವಿಷಯ. ಈ ಆಲ್ಬಮ್ಮಿನ ಪ್ರವಾಸದಲ್ಲಿ ತಂಡ ಅನೇಕ ಊರುಗಳಲ್ಲಿ ಎರಡೆರಡು ರಾತ್ರಿ ನುಡಿಸಿತು. ಮೊದಲ ರಾತ್ರಿಯ ಒಂದು ಹಾಡನ್ನೂ ಎರಡನೆಯ ರಾತ್ರಿ ಮರಳಿ ನುಡಿಸಲಿಲ್ಲ, ಎರಡರಲ್ಲಿಯೂ ಹಳೆಯದೂ ಹೊಸದೂ ಬೆರೆತಿದ್ದವು. ಇಲ್ಲಿಗೂ ಹಾಗೆಯೇ ಬಂದರೆ ತಾವು ಎರಡು ಟಿಕೆಟ್ಟುಗಳಿಗೆ ಹಣ ಹೊಂದಿಸಿಕೊಳ್ಳಬೇಕಾದೀತು.

— ಸಂಪಾದಕ