ದುಬೈ ಸಂಬಳಕ್ಕಿಂತ ಇಲ್ಲಿನ ಬಾಡಿಗೆಯ ಕಡೆ ಗಮನ ಕೊಡಿ

ನಿಮ್ಮ ತಮ್ಮ ಆಗಸ್ಟ್‌ನಲ್ಲಿ ಕೆಲಸಕ್ಕೆಂದು ದುಬೈಗೆ ಹೋಗಿದ್ದಾನೆ, ಆ ಸಂಬಳಕ್ಕೂ ಅವನ ದಾವಣಗೆರೆಯ ಮನೆಯ ಬಾಡಿಗೆಗೂ ಚನ್ನಗಿರಿಯ ಅಡಿಕೆ ತೋಟಕ್ಕೂ ಇಲ್ಲಿ ತೆರಿಗೆ ಉಂಟೇ ಎಂದು ಕೇಳಿದ್ದೀರಿ.

ಮೊದಲು ದಿನ ಎಣಿಸಿ. ಉದ್ಯೋಗಕ್ಕಾಗಿ ದೇಶ ಬಿಟ್ಟ ಭಾರತೀಯ ಪೌರ ಆ ಹಣಕಾಸು ವರ್ಷದಲ್ಲಿ ಇಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಅನಿವಾಸಿ, ಅಂದರೆ ತೆರಿಗೆಯ ಲೆಕ್ಕಕ್ಕೆ ಭಾರತದಲ್ಲಿ ವಾಸವಿಲ್ಲದವನು. ಏಪ್ರಿಲ್‌ನಿಂದ ಆಗಸ್ಟ್ ಕೊನೆಯವರೆಗೆ 153 ದಿನ, ಆದ್ದರಿಂದ ಸದ್ಯಕ್ಕೆ ಚಿಂತೆಯಿಲ್ಲ. ಆದರೆ ಮಾರ್ಚ್ 31ರೊಳಗೆ ಜಾತ್ರೆ, ಮದುವೆ ಎಂದು ಬಂದು ಕೂತರೆ ಆ ದಿನಗಳೂ ಲೆಕ್ಕಕ್ಕೆ ಸೇರುತ್ತವೆ. ಅನಿವಾಸಿಯಾದವನು ಅಲ್ಲಿ ದುಡಿದ ಸಂಬಳಕ್ಕೆ ಇಲ್ಲಿ ತೆರಿಗೆಯಿಲ್ಲ. ಸಂಬಳ ಮಾತ್ರ ಮೊದಲು ದುಬೈನ ಖಾತೆಗೇ ಬೀಳಲಿ, ಆಮೇಲೆ ಊರಿಗೆ ಕಳುಹಿಸಲಿ. ನೇರವಾಗಿ ಭಾರತದಲ್ಲೇ ಪಡೆದರೆ ಅದಕ್ಕೆ ಇಲ್ಲಿ ತೆರಿಗೆ ಬೀಳಬಹುದು.

ನಿಜವಾದ ತಲೆನೋವು ಬಾಡಿಗೆಯದು. ಮಾಲೀಕ ಎಲ್ಲಿದ್ದರೂ ಇಲ್ಲಿನ ಮನೆಯ ಬಾಡಿಗೆಗೆ ಇಲ್ಲಿಯೇ ತೆರಿಗೆ. ಮಾಲೀಕ ಅನಿವಾಸಿಯಾದರೆ ಬಾಡಿಗೆದಾರನೇ ಶೇ. 31.2ರಷ್ಟು ಟಿಡಿಎಸ್ (ಹಣ ಕೊಡುವ ಮೊದಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ನಮ್ಮೂರಲ್ಲಿ ಇದು ಎಷ್ಟು ಬಾಡಿಗೆದಾರರಿಗೆ ಗೊತ್ತಿದೆಯೋ! ಪಾಲಿಕೆಗೆ ಕಟ್ಟಿದ ಮನೆ ತೆರಿಗೆ ಕಳೆದು ಉಳಿದದ್ದರಲ್ಲಿ ಶೇ. 30 ವಿನಾಯಿತಿ ಸಿಗುವುದರಿಂದ ಎಷ್ಟೋ ವೇಳೆ ಹಿಡಿದ ಹಣ ನಿಜವಾಗಿ ಕಟ್ಟಬೇಕಾದ ತೆರಿಗೆಗಿಂತ ಹೆಚ್ಚಾಗಿರುತ್ತದೆ. ರಿಟರ್ನ್ ಸಲ್ಲಿಸಿ ಮರಳಿ ಪಡೆಯಲಿ.

ಅಡಿಕೆಯದು ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆಯಿಲ್ಲ. ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ (ಅನಿವಾಸಿಯ ಇಲ್ಲಿನ ಆದಾಯಕ್ಕೆಂದು ಇರುವ ಖಾತೆ) ಬದಲಿಸಲು ಹೇಳಿ. ದುಬೈನಿಂದ ಬರುವ ಹಣವನ್ನು ಎನ್‌ಆರ್‌ಇ ಖಾತೆಗೆ (ಅನಿವಾಸಿಯ ಹೊರದೇಶದ ದುಡಿಮೆಗೆಂದು ಇರುವ ಖಾತೆ) ಹಾಕಿದರೆ ಅದರ ಬಡ್ಡಿಗೂ ತೆರಿಗೆ ಬೀಳುವುದಿಲ್ಲ.