ತರಗೆಲೆಯನ್ನು ಏನು ಮಾಡಬೇಕು?

ಪ್ರಶ್ನೆ: ಅಂಗಳ ಗುಡಿಸಿದ ಮೇಲೆ ರಾಶಿಯಾಗುವ ತರಗೆಲೆಗಳನ್ನು ಗೊಬ್ಬರದ ಗುಂಡಿಗೆ ಹಾಕಿದರೆ ತಿಂಗಳುಗಟ್ಟಲೆ ಕೊಳೆಯುವುದೇ ಇಲ್ಲ. ಸುಟ್ಟುಬಿಡುವುದು ಸರಿಯೇ?

ಉತ್ತರ: ದಯವಿಟ್ಟು ಸುಡಬೇಡಿ. ಎಲೆಯ ರಾಶಿ, ಅದರಲ್ಲೂ ತೇವವಿರುವ ರಾಶಿ, ಪೂರ್ತಿಯಾಗಿ ಉರಿಯದೆ ಹೊಗೆಯಾಡುವುದರಿಂದ ಕಾರ್ಬನ್ ಮಾನಾಕ್ಸೈಡ್ ಮತ್ತು ಶ್ವಾಸಕೋಶದ ಆಳಕ್ಕೆ ಇಳಿಯುವ ಸೂಕ್ಷ್ಮ ಕಣಗಳು ಗಾಳಿಗೆ ಸೇರುತ್ತವೆ. ಉಬ್ಬಸವಿರುವವರಿಗೂ ಮಕ್ಕಳಿಗೂ ಇದು ನಿಜಕ್ಕೂ ಅಪಾಯಕಾರಿ.

ನಿಮ್ಮ ಗುಂಡಿಯಲ್ಲಿ ಕೊರತೆಯಾಗಿರುವುದು ಬಹುಶಃ ಸಾರಜನಕ ಮತ್ತು ತೇವಾಂಶ. ಕಾಂಪೋಸ್ಟ್ ಚುರುಕಾಗಿ ಆಗಬೇಕಾದರೆ ಸಾರಜನಕದ ಒಂದು ಭಾಗಕ್ಕೆ ಇಂಗಾಲ ಸುಮಾರು 25ರಿಂದ 30 ಭಾಗ ಇರಬೇಕು, ಆದರೆ ಒಣ ಎಲೆಗಳಲ್ಲಿ ಇಂಗಾಲದ ಪಾಲು ಸಾಮಾನ್ಯವಾಗಿ ಇದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಎಲೆಗಳನ್ನು ಚೂರು ಮಾಡಿ, ಅವುಗಳ ನಡುವೆ ತರಕಾರಿ ಸಿಪ್ಪೆ, ಹಸಿ ಹುಲ್ಲು ಅಥವಾ ಸಗಣಿಯನ್ನು ಪದರಪದರವಾಗಿ ಹಾಕಿ, ಹಿಂಡಿದ ಬಟ್ಟೆಯಷ್ಟು ತೇವವನ್ನು ಕಾಪಾಡಿಕೊಂಡು ಆಗಾಗ ಮಗುಚಿದರೆ ಕೆಲವೇ ತಿಂಗಳುಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ. ಚೂರು ಮಾಡದ ಎಲೆಗಳು ಒಂದಕ್ಕೊಂದು ಅಂಟಿಕೊಂಡು ಗಾಳಿಯನ್ನೇ ತಡೆಯುವುದರಿಂದ ಆ ಶ್ರಮವನ್ನು ಉಳಿಸಲು ಹೋಗಬೇಡಿ.

ಇಷ್ಟಕ್ಕೆ ಪುರುಸೊತ್ತಿಲ್ಲದಿದ್ದರೆ ಗಿಡಗಳ ಬುಡದ ಸುತ್ತ 5ರಿಂದ 8 ಸೆಂಟಿಮೀಟರ್ ದಪ್ಪಕ್ಕೆ ಹರಡಿ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಒಳ್ಳೆಯ ಉಪಯೋಗ, ಏಕೆಂದರೆ ಮಣ್ಣಿನ ತೇವ ಆರುವುದು ತಡವಾಗುತ್ತದೆ, ಕಳೆಯೂ ತಗ್ಗುತ್ತದೆ. ಕಾಂಡಕ್ಕೆ ಮಾತ್ರ ಎಲೆ ತಾಗದಿರಲಿ, ತಾಗಿದರೆ ತೊಗಟೆ ಕೊಳೆಯಬಹುದು. ರೋಗ ತಗುಲಿದ ಎಲೆಗಳನ್ನು ಬೇರ್ಪಡಿಸಿ ಹಸಿ ಕಸದೊಂದಿಗೆ ಕೊಡಿ. ಚರಂಡಿಗಂತೂ ಯಾವ ಎಲೆಯನ್ನೂ ತಳ್ಳಬೇಡಿ.